ಅಪ್ಪನ ಕೈಯಿಂದ ಸ್ಮಾರ್ಟ್‌ಫೋನ್ ತೆಗೆದುಕೊಳ್ಳಬೇಕೇ?

ಪ್ರಶ್ನೆ: ನಮ್ಮ ತಂದೆಗೆ 74 ವರ್ಷ. ಶಿವಮೊಗ್ಗ ಜಿಲ್ಲೆಯ ಪ್ರೌಢಶಾಲೆಯೊಂದರಲ್ಲಿ ಕನ್ನಡ ಮೇಷ್ಟ್ರಾಗಿ ನಿವೃತ್ತರಾದವರು. ಎರಡು ವರ್ಷದ ಹಿಂದೆ ಅಮ್ಮ ತೀರಿಕೊಂಡ ಮೇಲೆ ಊರಿನ ಮನೆಯಲ್ಲಿ ಒಬ್ಬರೇ ಇದ್ದಾರೆ. ನಾನು ಬೆಂಗಳೂರಿನಲ್ಲಿದ್ದೇನೆ, ತಮ್ಮ ಕ್ಯಾಲಿಫೋರ್ನಿಯಾದಲ್ಲಿದ್ದಾನೆ. ಮೊದಲು ಮೊಬೈಲ್ ಎಂದರೆ ಮಾರು ದೂರ ಹೋಗುತ್ತಿದ್ದ ಅಪ್ಪ ಈಗ ಫೇಸ್‌ಬುಕ್‌ನಲ್ಲಿ ದಿನಕ್ಕೊಂದು ಬರಹ ಹಾಕುತ್ತಾರೆ, ಹತ್ತಾರು ವಾಟ್ಸಾಪ್ ಗುಂಪುಗಳಲ್ಲಿದ್ದಾರೆ, ರಾತ್ರಿ ಹನ್ನೊಂದಾದರೂ ಫೋನ್ ಕೆಳಗಿಡುವುದಿಲ್ಲ. ಬಂದದ್ದನ್ನೆಲ್ಲ ಫಾರ್ವರ್ಡ್ ಮಾಡುತ್ತಾರೆ. ಕಳೆದ ತಿಂಗಳು ಹಳೆಯ ವಿದ್ಯಾರ್ಥಿಯೊಬ್ಬನ ಹೆಸರಿನಲ್ಲಿ ಬಂದ ಸಂದೇಶವನ್ನು ನಂಬಿ 8,000 ರೂಪಾಯಿ ಕಳೆದುಕೊಂಡರು. ನಮಗೆ ಹೇಳಿದ್ದು ಹತ್ತು ದಿನದ ಮೇಲೆ. ಸ್ಮಾರ್ಟ್‌ಫೋನ್ ತೆಗೆದುಕೊಂಡು ಬಟನ್ ಫೋನ್ ಕೊಟ್ಟುಬಿಡೋಣ ಎನ್ನುತ್ತಾನೆ ತಮ್ಮ. ಇನ್ನೊಂದು ವಿಷಯ: ಅಮ್ಮನ ವಾಟ್ಸಾಪ್‌ಗೆ ಅಪ್ಪ ಈಗಲೂ ಆಗಾಗ ಸಂದೇಶ ಕಳಿಸುತ್ತಾರೆ. ಇದು ಸಹಜವೇ?
– ಓದುಗರೊಬ್ಬರು, ಬೆಂಗಳೂರು

ಉತ್ತರ: ಬಟನ್ ಫೋನಿನ ಯೋಚನೆಯನ್ನು ದಯವಿಟ್ಟು ಕೈಬಿಡಿ. ನಿಮ್ಮ ಪತ್ರದಲ್ಲಿ ನನ್ನನ್ನು ಹೆಚ್ಚು ಕಾಡಿದ್ದು ಹೋದ ಹಣವೂ ಅಲ್ಲ, ರಾತ್ರಿ ಹನ್ನೊಂದು ಗಂಟೆಯೂ ಅಲ್ಲ. ಹಣ ಹೋದ ಸಂಗತಿಯನ್ನು ಅವರು ಹತ್ತು ದಿನ ಹೊಟ್ಟೆಯಲ್ಲೇ ಇಟ್ಟುಕೊಂಡರು ಎಂಬುದು. ಜೀವಮಾನವಿಡೀ ಇನ್ನೊಬ್ಬರ ತಪ್ಪು ತಿದ್ದಿದ ಮನುಷ್ಯ ತಾನೇ ತಪ್ಪು ಮಾಡಿ ಮಕ್ಕಳ ಮುಂದೆ ನಿಲ್ಲಬೇಕಾಗಿ ಬಂದಾಗ ಆಗುವ ಸಂಕೋಚ ಸಣ್ಣದಲ್ಲ. ಆ ಸಂಕೋಚದ ಹಿಂದೆ ‘ಹೇಳಿದರೆ ಫೋನ್ ಕಿತ್ತುಕೊಳ್ಳುತ್ತಾರೆ’ ಎಂಬ ಭಯವೂ ಇದ್ದಿರಬೇಕು, ಮತ್ತು ನಿಮ್ಮ ತಮ್ಮನ ಸಲಹೆ ಆ ಭಯವನ್ನು ನಿಜ ಮಾಡುತ್ತದೆ. ಆಪ್ತಸಲಹೆಗೆ ಬರುವ ಹಿರಿಯರಲ್ಲಿ ನಾನು ಮತ್ತೆಮತ್ತೆ ನೋಡಿರುವುದು ಇದನ್ನೇ: ವಂಚಕರು ಬಳಸಿಕೊಳ್ಳುವುದು ಮುಪ್ಪಿನ ಮರೆವಿಗಿಂತ ಹೆಚ್ಚಾಗಿ ಮನೆಯವರಿಗೆ ಹೇಳಲಾಗದ ಈ ಮುಜುಗರವನ್ನು. ಆದ್ದರಿಂದ ನನ್ನ ಉತ್ತರವೆಲ್ಲ ಒಂದೇ ಮಾತಿನ ಸುತ್ತ ಇದೆ: ನಿಮ್ಮ ತಂದೆ ಜಾಲತಾಣದಲ್ಲಿ ಜನರನ್ನು ಹುಡುಕುತ್ತಿದ್ದಾರೆ, ಆ ಜನರನ್ನು ಅವರಿಗೆ ಬಿಟ್ಟುಕೊಟ್ಟು, ಎಡವಿದಾಗ ಅದೇ ಗಂಟೆಯಲ್ಲಿ ನಿಮಗೆ ಹೇಳುವಷ್ಟು ಸಲಿಗೆಯನ್ನು ನೀವು ಉಳಿಸಿಕೊಳ್ಳಬೇಕು.

ವಯಸ್ಸಾದವರು ಜಾಲತಾಣಕ್ಕೆ ಬರುವುದು ಹೊಸದಲ್ಲ. ಅಮೆರಿಕದ ಪ್ಯೂ ಸಂಶೋಧನಾ ಸಂಸ್ಥೆ 2010ರಲ್ಲೇ ಇದನ್ನು ಲೆಕ್ಕ ಹಾಕಿತ್ತು. ಅಲ್ಲಿ ಇಂಟರ್ನೆಟ್ ಬಳಸುವ 65 ದಾಟಿದವರ ಪೈಕಿ ಸಾಮಾಜಿಕ ಜಾಲತಾಣಕ್ಕೆ ಬಂದವರು 2009ರ ಏಪ್ರಿಲ್‌ನಲ್ಲಿ ಶೇ 13ರಷ್ಟಿದ್ದರೆ, ಒಂದೇ ವರ್ಷದಲ್ಲಿ ಶೇ 26 ಆಗಿದ್ದರು. ನಮ್ಮಲ್ಲಿ ಅದು ನಡೆದದ್ದು ತಡವಾಗಿ, ಆದರೆ ಬಹಳ ಬೇಗ. 2016ರಲ್ಲಿ ಡೇಟಾ ಅಗ್ಗವಾಯಿತು. ಅದೇ ವರ್ಷದ ಕೊನೆಗೆ ವಾಟ್ಸಾಪ್‌ನಲ್ಲಿ ವಿಡಿಯೊ ಕರೆ ಬಂತು. 2017ರಲ್ಲಿ ಗೂಗಲ್ ಕನ್ನಡದ ಧ್ವನಿ ಟೈಪಿಂಗ್ ಕೊಟ್ಟಿತು. ನನ್ನ ಮಟ್ಟಿಗೆ ಕನ್ನಡದ ಹಿರಿಯರಿಗೆ ನಿಜವಾಗಿ ಬಾಗಿಲು ತೆರೆದದ್ದು ಇದೇ. ಅದಕ್ಕೂ ಮೊದಲು ಒಂದು ‘ಕ್ಷ’ ಮೂಡಿಸುವುದಕ್ಕೆ ಕೀಲಿಮಣೆಯಲ್ಲಿ ಎಷ್ಟು ಒದ್ದಾಡಬೇಕಿತ್ತು ಎಂಬುದನ್ನು ನಿಮ್ಮ ತಂದೆಯನ್ನೇ ಕೇಳಿ ನೋಡಿ, ಗಂಟೆಗಟ್ಟಲೆ ಹೇಳುತ್ತಾರೆ. 2020ರ ಲಾಕ್‌ಡೌನ್ ಬಂದು, 65 ದಾಟಿದವರು ಹೊಸ್ತಿಲು ದಾಟಬೇಡಿ ಎಂದು ಸರ್ಕಾರವೇ ಹೇಳಿದ ಮೇಲೆ, ಅಲ್ಲಿಯವರೆಗೆ ಹೊರಗುಳಿದಿದ್ದವರೂ ಒಳಗೆ ಬಂದರು. ಊರ ಕಟ್ಟೆ, ಬೆಳಗಿನ ವಾಕಿಂಗ್, ಗ್ರಂಥಾಲಯದ ಪತ್ರಿಕಾ ವಿಭಾಗ ಎಲ್ಲವೂ ಒಂದೇ ದಿನ ಮುಚ್ಚಿದಾಗ ಉಳಿದಿದ್ದು ಅಂಗೈಯ ಫೋನ್ ಒಂದೇ.

ಒಳಗೆ ಬಂದವರು ಅಲ್ಲಿ ಮಾಡುವುದು ಮಾತ್ರ ಹುಡುಗರು ಮಾಡುವುದಕ್ಕಿಂತ ಬೇರೆ. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಮನೋವಿಜ್ಞಾನಿ ಲಾರಾ ಕಾರ್ಸ್ಟೆನ್ಸನ್ ದಶಕಗಳಿಂದ ವಾದಿಸುತ್ತ ಬಂದಿರುವಂತೆ, ಮುಂದಿರುವ ಕಾಲ ಕಡಿಮೆ ಎಂದು ಮನಸ್ಸಿಗೆ ತಿಳಿದಾಗ ಮನುಷ್ಯ ಹೊಸ ಪರಿಚಯಗಳ ಹಿಂದೆ ಓಡುವುದನ್ನು ಬಿಟ್ಟು, ಹತ್ತಿರದ ಕೆಲವೇ ಸಂಬಂಧಗಳಲ್ಲಿ ಮನಸ್ಸು ನೆಡುತ್ತಾನೆ. ಯುವಕರು ಜಾಲತಾಣದಲ್ಲಿ ಬಳಗವನ್ನು ಹಿಗ್ಗಿಸುತ್ತಾರೆ. ಹಿರಿಯರು ಅದೇ ಜಾಗದಲ್ಲಿ ಕಳೆದುಹೋದವರನ್ನು ಹುಡುಕುತ್ತಾರೆ. ಹೈಸ್ಕೂಲಿನಲ್ಲಿ ಪಕ್ಕದಲ್ಲಿ ಕೂತವನು, ಮೊದಲ ನೇಮಕಾತಿಯ ಊರಿನಲ್ಲಿ ಊಟ ಹಾಕಿದ ಮನೆಯವರು, ಹಿಂದಿನ ಬೆಂಚಿನಲ್ಲಿ ಕೂತು ತಂಟೆ ಮಾಡಿ ಈಗ ತಾನೇ ಅಜ್ಜನಾಗಿರುವ ಶಿಷ್ಯ. ನಿಮ್ಮ ತಂದೆಯ ಹತ್ತಾರು ಗುಂಪುಗಳ ಹೆಸರನ್ನು ಒಮ್ಮೆ ಅವರ ಜೊತೆ ಕೂತು ಓದಿ. ನಿವೃತ್ತ ಶಿಕ್ಷಕರದೊಂದು, ಎಸ್ಸೆಸ್ಸೆಲ್ಸಿ ಬ್ಯಾಚಿನದೊಂದು, ನೆಂಟರಿಷ್ಟರದೊಂದು, ಹಳೆಗನ್ನಡ ಓದುವವರದೊಂದು ಹೀಗೆ ಅವರ ಬದುಕಿನ ಒಂದೊಂದು ಘಟ್ಟವೂ ಅಲ್ಲಿ ಒಂದೊಂದು ಗುಂಪಾಗಿ ಸಿಗಬಹುದು. ನಲವತ್ತು ವರ್ಷ ತರಗತಿಯಲ್ಲಿ ಮಾತಾಡಿದವರಿಗೆ ನಿವೃತ್ತಿಯೊಂದಿಗೆ ಕೇಳುಗರು ಹೋದರು, ಹೆಂಡತಿಯ ಸಾವಿನೊಂದಿಗೆ ಕೊನೆಯ ಕೇಳುಗರೂ ಹೋದರು. ದಿನಕ್ಕೊಂದು ಬರಹ ಹಾಕುತ್ತಾರೆ ಎಂದು ನೀವು ದೂರಿನ ದನಿಯಲ್ಲಿ ಬರೆದಿದ್ದೀರಿ. ನಾನದನ್ನು ಒಳ್ಳೆಯ ಸುದ್ದಿ ಎಂದೇ ಓದಿದೆ. ಅಂದ ಹಾಗೆ, ಆ ಬರಹಗಳನ್ನು ನೀವು ಓದುತ್ತೀರಾ? ಬರೀ ಹೆಬ್ಬೆರಳಿನ ಚಿತ್ರ ಒತ್ತಿ ಮುಂದೆ ಹೋಗುವುದನ್ನು ನಾನು ಓದುವುದು ಎನ್ನುವುದಿಲ್ಲ.

ದೇಹದ ಮಾತನ್ನು ಮಕ್ಕಳು ಸಾಮಾನ್ಯವಾಗಿ ಮರೆಯುತ್ತಾರೆ. ಕೆಲ ವರ್ಷಗಳ ಹಿಂದೆ ಹಿರಿಯರಿಗೆ ಫೋನ್ ಕಲಿಸುವ ತರಗತಿಯೊಂದರಲ್ಲಿ ಎಂಬತ್ತರ ಸಮೀಪದ ಅಜ್ಜಿಯೊಬ್ಬರು ಪರದೆಯನ್ನು ಎಷ್ಟು ಒತ್ತಿದರೂ ಅದು ಕೇಳುತ್ತಿರಲಿಲ್ಲ. ಕಲಿಸುತ್ತಿದ್ದ ಹುಡುಗ ‘ಮೆಲ್ಲಗೆ ಒತ್ತಿ ಅಜ್ಜಿ’ ಎಂದು ನಾಲ್ಕನೆಯ ಸಲ ಹೇಳುವಷ್ಟರಲ್ಲಿ, ಅವರು ಪುಸ್ತಕದ ಹಾಳೆ ತಿರುಗಿಸುವವರ ಹಾಗೆ ಬೆರಳನ್ನು ನಾಲಿಗೆಗೆ ತಾಗಿಸಿ ಒತ್ತಿದರು, ಫೋನ್ ತಟ್ಟನೆ ತೆರೆಯಿತು. ಪರದೆ ಕೆಲಸ ಮಾಡುವುದು ಚರ್ಮದ ಮೂಲಕ ಹರಿಯುವ ಅತಿ ಸಣ್ಣ ವಿದ್ಯುತ್ತಿನಿಂದ. ವಯಸ್ಸಾದವರ ಬೆರಳ ತುದಿ ಒಣಗಿರುವುದರಿಂದ ಅದಕ್ಕೆ ಸ್ಪರ್ಶ ಸರಿಯಾಗಿ ತಿಳಿಯುವುದಿಲ್ಲ. ಅಜ್ಜಿಯ ಅನುಭವ ಯಂತ್ರಶಾಸ್ತ್ರಕ್ಕಿಂತ ಮುಂದಿತ್ತು. ಅವರು ಅದೇ ಮಧ್ಯಾಹ್ನ ಧಾರವಾಡದ ತಂಗಿಗೆ ಧ್ವನಿ ಸಂದೇಶ ಕಳಿಸಿದರು, ಕಳಿಸುವ ಮೊದಲು ಸೆರಗು ಸರಿಮಾಡಿಕೊಂಡರು. ನಿಮ್ಮ ತಂದೆಯ ಫೋನಿನಲ್ಲಿ ಅಕ್ಷರದ ಗಾತ್ರ ಹೆಚ್ಚಿಸಿ, ಪರದೆಯ ಮೇಲೆ ಬೇಡದ ಆ್ಯಪ್‌ಗಳನ್ನು ತೆಗೆದುಹಾಕಿ, ಕೈ ನಡುಗುತ್ತಿದ್ದರೆ ಆಕ್ಸೆಸಿಬಿಲಿಟಿ ಸೆಟ್ಟಿಂಗ್‌ನಲ್ಲಿ ಸ್ಪರ್ಶದ ಅವಧಿಯನ್ನು ಸ್ವಲ್ಪ ಉದ್ದ ಮಾಡಿ. ಅಚಾತುರ್ಯದಿಂದ ಹೋದ ಫಾರ್ವರ್ಡುಗಳಲ್ಲಿ ಕೆಲವಾದರೂ ಇದರಿಂದಲೇ ನಿಲ್ಲುತ್ತವೆ. ಕಣ್ಣು, ಕಿವಿ ತೋರಿಸಿ ಎಷ್ಟು ದಿನವಾಯಿತು ಎಂದೂ ನೋಡಿ. ಮರೆವಿನ ಕಾಯಿಲೆಯ ಕುರಿತು ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆಯ ಆಯೋಗ 2024ರಲ್ಲಿ ಪಟ್ಟಿಮಾಡಿದ, ನಾವು ಬದಲಿಸಬಹುದಾದ 14 ಅಪಾಯಕಾರಿ ಅಂಶಗಳಲ್ಲಿ ಶ್ರವಣ ದೋಷ, ಚಿಕಿತ್ಸೆ ಪಡೆಯದ ದೃಷ್ಟಿದೋಷ, ಸಾಮಾಜಿಕ ಒಂಟಿತನ ಮೂರೂ ಇವೆ. ಫೇಸ್‌ಬುಕ್ ಮರೆವನ್ನು ತಡೆಯುತ್ತದೆ ಎಂದು ಇದರ ಅರ್ಥವಲ್ಲ. ಕಿವಿ ಮಂದವಾದವರು ಮದುವೆಮನೆಯ ಗದ್ದಲದಲ್ಲಿ ಮಾತಿಲ್ಲದೆ ಕೂರುತ್ತಾರೆ, ಅದೇ ಗುಂಪಿನಲ್ಲಿ ಅಕ್ಷರದ ಮೂಲಕ ನಿರಾಯಾಸವಾಗಿ ಹರಟುತ್ತಾರೆ ಎಂಬುದಷ್ಟೇ ನನ್ನ ಮಾತು.

ರಾತ್ರಿ ಹನ್ನೊಂದರ ವಿಷಯಕ್ಕೆ ಬರೋಣ. ಬೈಯುವ ಮೊದಲು ಒಂದು ಲೆಕ್ಕ ಹಾಕಿ: ನಮ್ಮ ರಾತ್ರಿ ಹನ್ನೊಂದು ಎಂದರೆ ನಿಮ್ಮ ತಮ್ಮನಿಗೆ ಬೇಸಿಗೆಯಲ್ಲಿ ಬೆಳಿಗ್ಗೆ ಹತ್ತೂವರೆ, ಚಳಿಗಾಲದಲ್ಲಿ ಒಂಬತ್ತೂವರೆ. ಮಗ ಎದ್ದು, ಕಾಫಿ ಕುಡಿದು, ಆನ್‌ಲೈನ್ ಬರುವ ಹೊತ್ತು. ಕೇಳಿಲ್ಲದೆ ನಾನು ಖಚಿತವಾಗಿ ಹೇಳಲಾರೆ, ಆದರೆ ಮಕ್ಕಳು ಹೊರದೇಶದಲ್ಲಿರುವ ಮನೆಗಳಲ್ಲಿ ತಂದೆತಾಯಿಯರು ಹೀಗೆ ‘ಹಸಿರು ಚುಕ್ಕಿ’ ಕಾಯುತ್ತ ಕೂರುವುದು ಸಾಮಾನ್ಯ. ಕಾಯುವ ಹೊತ್ತನ್ನು ರೀಲ್ಸ್ ತಿನ್ನುತ್ತದೆ. ತಮ್ಮನಿಗೆ ಹೇಳಿ, ಕರೆಯನ್ನು ನಮ್ಮ ಬೆಳಿಗ್ಗೆ ಎಂಟಕ್ಕೆ ಇಟ್ಟುಕೊಳ್ಳಲಿ. ಆಗ ಅವನಿಗೆ ಹಿಂದಿನ ಸಂಜೆ ಏಳೂವರೆ ಇಲ್ಲವೇ ಆರೂವರೆ. ವಾರದಲ್ಲಿ ಮೂರು ದಿನ, ಹತ್ತೇ ನಿಮಿಷವಾದರೂ ಸಾಕು, ದಿನ ಮಾತ್ರ ತಪ್ಪಬಾರದು. ರಾತ್ರಿಯಾದ ಮೇಲೆ ಫೋನಿಗೆ ಚಾರ್ಜ್ ಹಾಕುವ ಜಾಗ ಹಾಸಿಗೆಯ ಪಕ್ಕದ್ದಾಗಿರದೆ ನಡುಮನೆಯದಾಗಿರಲಿ, ಬೆಳಗಿನ ಅಲಾರಾಂಗೆ ಒಂದು ಗಡಿಯಾರ ತಂದುಕೊಡಿ. ರೀಲ್ಸ್ ಬಗ್ಗೆ ನನಗೆ ಯಾವ ಮೃದು ಧೋರಣೆಯೂ ಇಲ್ಲ. ಅದರಲ್ಲಿ ಮನುಷ್ಯರೊಂದಿಗೆ ಮಾತಿಲ್ಲ, ಒಂದಾದ ಮೇಲೊಂದು ತಾನಾಗಿ ಬರುವುದಷ್ಟೇ ಇದೆ. ಬರೆದು ಉತ್ತರ ಪಡೆಯುವವರು ಒಂದು ಗಂಟೆಯ ನಂತರ ಹಗುರಾಗಿ ಏಳುತ್ತಾರೆ, ಬರೀ ನೋಡುತ್ತ ಕೂತವರು ಕಣ್ಣುರಿಯೊಂದಿಗೆ ಏಳುತ್ತಾರೆ. ಎಷ್ಟು ಗಂಟೆ ಎಂದು ಎಣಿಸುವುದಕ್ಕಿಂತ ಈ ವ್ಯತ್ಯಾಸವನ್ನು ಗಮನಿಸುವುದು ಹೆಚ್ಚು ಉಪಯೋಗ.

ಫಾರ್ವರ್ಡುಗಳ ವಿಚಾರದಲ್ಲಿ ನಿಮ್ಮ ಆತಂಕಕ್ಕೆ ಆಧಾರವಿದೆ. 2016ರ ಅಮೆರಿಕದ ಚುನಾವಣೆಯ ಸಮಯದ ಫೇಸ್‌ಬುಕ್ ಬಳಕೆಯನ್ನು ನೋಡಿ 2019ರಲ್ಲಿ ಪ್ರಕಟವಾದ ಅಧ್ಯಯನವೊಂದು, ಸುಳ್ಳು ಸುದ್ದಿಯ ತಾಣಗಳ ಬರಹಗಳನ್ನು 65 ದಾಟಿದವರು ಅತಿ ಕಿರಿಯ ಬಳಕೆದಾರರಿಗಿಂತ ಸುಮಾರು ಏಳು ಪಟ್ಟು ಹೆಚ್ಚು ಹಂಚಿದ್ದರು ಎಂದು ತೋರಿಸಿತು. ಇದಕ್ಕೆ ದಡ್ಡತನ ಕಾರಣವಲ್ಲ. ವಯಸ್ಸಾದಂತೆ ವಿಷಯ ನೆನಪಿನಲ್ಲಿ ಉಳಿಯುತ್ತದೆ, ಅದನ್ನು ಹೇಳಿದವರು ಯಾರು ಎಂಬುದು ಮೊದಲು ಅಳಿಸಿಹೋಗುತ್ತದೆ. ಆಮೇಲೆ ಮೂರು ಗುಂಪಿನಲ್ಲಿ ಅದೇ ಮಾತು ಬಂದಾಗ ‘ಹೌದು, ನಾನೂ ಕೇಳಿದ್ದೇನೆ’ ಎನಿಸುತ್ತದೆ. ಜೊತೆಗೆ, ಅಚ್ಚಾದದ್ದೆಲ್ಲ ಯಾರೋ ಒಬ್ಬ ಸಂಪಾದಕನ ಕಣ್ಣು ದಾಟಿಯೇ ಬರುತ್ತಿದ್ದ ಕಾಲದಲ್ಲಿ ಬೆಳೆದವರಿಗೆ ಅಕ್ಷರದ ಮೇಲೆ ಇರುವ ಗೌರವ ನಮಗಿಲ್ಲ.

ದಯವಿಟ್ಟು ಕುಟುಂಬದ ಗುಂಪಿನಲ್ಲಿ, ಸೊಸೆ ಅಳಿಯಂದಿರೆಲ್ಲ ನೋಡುತ್ತಿರುವಾಗ, ‘ಅಪ್ಪಾ ಇದು ಫೇಕ್’ ಎಂದು ಬರೆಯಬೇಡಿ. ಒಬ್ಬರೇ ಇದ್ದಾಗ ಫೋನ್ ಮಾಡಿ ಮಾತಾಡಿ. ಅವರು ಕನ್ನಡ ಮೇಷ್ಟ್ರು ಎಂಬುದು ನಿಮ್ಮ ದೊಡ್ಡ ಬಲ. ಸುಳ್ಳು ಫಾರ್ವರ್ಡುಗಳಲ್ಲಿ ಎಷ್ಟೋ ಬೇರೆ ಭಾಷೆಯಿಂದ ಯಂತ್ರ ಅನುವಾದಿಸಿದ ಕನ್ನಡದಲ್ಲಿರುತ್ತವೆ. ವಿಭಕ್ತಿ ತಪ್ಪಿರುತ್ತದೆ, ಕರ್ತೃ ಒಂದು ಕಡೆ ಕ್ರಿಯಾಪದ ಇನ್ನೊಂದು ಕಡೆ ಓಡಿರುತ್ತದೆ, ತಾರೀಖು ಇರುವುದಿಲ್ಲ, ‘ವೈದ್ಯರೊಬ್ಬರು’ ಯಾರೆಂದು ಇರುವುದಿಲ್ಲ. ಉತ್ತರ ಪತ್ರಿಕೆ ತಿದ್ದುವಂತೆ ಇದನ್ನು ತಿದ್ದಿ ಅಂಕ ಕೊಡಿ ಎಂದು ಕೇಳಿದರೆ, ನೀವು ನೂರು ಸಲ ಹೇಳಿದ್ದು ಮಾಡದ ಕೆಲಸವನ್ನು ಅವರ ಕೆಂಪು ಶಾಯಿ ಮಾಡುತ್ತದೆ. ಸಂದೇಶದ ಮೇಲೆ ಎರಡು ಬಾಣದ ಗುರುತು ಇದ್ದರೆ ಅದು ಹಲವು ಕೈ ದಾಟಿ ಬಂದದ್ದು ಎಂಬುದನ್ನೂ ತೋರಿಸಿಕೊಡಿ. 2020ರ ಏಪ್ರಿಲ್‌ನಿಂದ ಅಂಥ ಸಂದೇಶವನ್ನು ಒಮ್ಮೆಗೆ ಒಬ್ಬರಿಗೆ ಅಥವಾ ಒಂದು ಗುಂಪಿಗೆ ಮಾತ್ರ ಕಳಿಸಲು ವಾಟ್ಸಾಪ್ ಬಿಡುತ್ತದೆ. ಗುಡ್ ಮಾರ್ನಿಂಗ್ ಹೂವಿನ ಚಿತ್ರಗಳನ್ನು ಮಾತ್ರ ಹಾಗೇ ಬಿಡಿ. ಒಬ್ಬರೇ ಇರುವ ಹಿರಿಯರ ಗುಂಪಿನಲ್ಲಿ ಆ ಹೂವು ಹಾಜರಿ ಕೂಗಿದ ಹಾಗೆ. ಎರಡು ದಿನ ಯಾರದಾದರೂ ಹೂವು ಬರದಿದ್ದರೆ ಮೂರನೆಯ ದಿನ ಇನ್ನೊಬ್ಬರು ಫೋನ್ ಮಾಡಿ ‘ಆರೋಗ್ಯವೇ?’ ಎಂದು ಕೇಳುತ್ತಾರೆ. ಅಂಥ ಏರ್ಪಾಡನ್ನು ನೀವು ಬೆಂಗಳೂರಿನಿಂದ ಮಾಡಲಾರಿರಿ.

ಈಗ ಹಣದ ಮಾತು. ಹಳೆಯ ವಿದ್ಯಾರ್ಥಿಯ ಹೆಸರಿನಲ್ಲಿ ಬರುವ ವಂಚನೆ ಸಾಮಾನ್ಯವಾಗಿ ಎರಡು ದಾರಿಯಲ್ಲಿ ನಡೆಯುತ್ತದೆ. ಒಂದು, ಆ ವ್ಯಕ್ತಿಯ ಚಿತ್ರ, ಹೆಸರನ್ನು ನಕಲು ಮಾಡಿ ಹೊಸ ಫೇಸ್‌ಬುಕ್ ಖಾತೆ ತೆರೆದು, ಅವರ ಸ್ನೇಹಿತರ ಪಟ್ಟಿಯಲ್ಲಿರುವವರಿಗೆಲ್ಲ ಮತ್ತೆ ಸ್ನೇಹದ ಕೋರಿಕೆ ಕಳಿಸುವುದು. ಇನ್ನೊಂದು, ನೋಂದಣಿಯ ಆರು ಅಂಕಿಯ ಸಂಖ್ಯೆಯನ್ನು ಏನೋ ನೆಪ ಹೇಳಿ ಪಡೆದು ಅವರ ವಾಟ್ಸಾಪ್ ಅನ್ನೇ ವಶಪಡಿಸಿಕೊಳ್ಳುವುದು. ಎರಡರಲ್ಲೂ ಮುಂದಿನ ಮಾತು ಒಂದೇ: ಆಸ್ಪತ್ರೆಯಲ್ಲಿದ್ದೇನೆ, ನನ್ನ ಯುಪಿಐ ಕೆಲಸ ಮಾಡುತ್ತಿಲ್ಲ, ಸಂಜೆಯೊಳಗೆ ವಾಪಸು ಹಾಕುತ್ತೇನೆ. ಶಿಷ್ಯ ಕಷ್ಟದಲ್ಲಿದ್ದಾನೆ ಎಂದರೆ ಮೇಷ್ಟ್ರು ಕೊಡದೆ ಇರುತ್ತಾರೆಯೇ? ನಿಮ್ಮ ತಂದೆಯನ್ನು ದುರಾಸೆ ಕೆಡಿಸಲಿಲ್ಲ, ವಾತ್ಸಲ್ಯ ಕೆಡಿಸಿತು. ಇದನ್ನು ಅವರಿಗೆ ನೀವೇ ಬಾಯಿಬಿಟ್ಟು ಹೇಳಿ, ಅವರು ಕಾಯುತ್ತಿರಬಹುದು.

ನಂತರ ಒಂದು ಭಾನುವಾರ ಊರಿಗೆ ಹೋಗಿ ಪಕ್ಕದಲ್ಲಿ ಕೂತು, ಫೋನನ್ನು ಅವರ ಕೈಯಲ್ಲೇ ಇರಿಸಿ, ಅವರಿಂದಲೇ ಕೆಲವು ಕೆಲಸ ಮಾಡಿಸಿ. ವಾಟ್ಸಾಪ್‌ನಲ್ಲಿ ಎರಡು ಹಂತದ ಪರಿಶೀಲನೆಯ ಪಿನ್ ಹಾಕಬೇಕು. ಗುಂಪಿಗೆ ಯಾರು ಸೇರಿಸಬಹುದು ಎಂಬಲ್ಲಿ ‘ನನ್ನ ಸಂಪರ್ಕಗಳು’ ಎಂದು ಬದಲಿಸಬೇಕು. ಅಪರಿಚಿತ ಕರೆಗಳನ್ನು ಮೌನಗೊಳಿಸುವ ಸೌಲಭ್ಯ 2023ರಿಂದ ಇದೆ, ಅದನ್ನು ಚಾಲೂ ಮಾಡಬೇಕು. ಫೇಸ್‌ಬುಕ್‌ನಲ್ಲಿ ಸ್ನೇಹಿತರ ಪಟ್ಟಿ ಬೇರೆಯವರಿಗೆ ಕಾಣದಂತೆ ಮಾಡಿದರೆ ನಕಲಿ ಖಾತೆಯವರಿಗೆ ಅರ್ಧ ಕೆಲಸ ಕೆಡುತ್ತದೆ, ಪ್ರೊಫೈಲ್ ಲಾಕ್ ಸೌಲಭ್ಯವೂ ಭಾರತದಲ್ಲಿ 2020ರಿಂದ ಇದೆ. ಮದುವೆಯ ಕರೆಯೋಲೆ ಎಂದು ಬಂದ ಫೈಲಿನ ಹೆಸರು ‘ಎಪಿಕೆ’ ಎಂದು ಕೊನೆಯಾದರೆ ಅದು ಕರೆಯೋಲೆಯಲ್ಲ, ಫೋನಿನೊಳಗೆ ನುಗ್ಗುವ ತಂತ್ರಾಂಶ, ತೆರೆಯಬಾರದು. ಯುಪಿಐ ಅನ್ನು ಪಿಂಚಣಿ ಬರುವ ಖಾತೆಗೆ ಜೋಡಿಸದೆ, ತಿಂಗಳ ಖರ್ಚಿನಷ್ಟೇ ಹಣವಿರುವ ಬೇರೆ ಖಾತೆಗೆ ಜೋಡಿಸಿ. ನನ್ನ ಪ್ರಕಾರ ಉಳಿದೆಲ್ಲ ಎಚ್ಚರಿಕೆಗಿಂತ ಇದೇ ಮೇಲು, ಏಕೆಂದರೆ ಎಚ್ಚರಿಕೆ ತಪ್ಪಿದ ದಿನವೂ ಇದು ಕಾಯುತ್ತದೆ.

‘ಡಿಜಿಟಲ್ ಅರೆಸ್ಟ್’ ಬಗ್ಗೆ ಪ್ರತ್ಯೇಕವಾಗಿ ಹೇಳಿ. ಪೊಲೀಸ್ ಸಮವಸ್ತ್ರ ತೊಟ್ಟವನು ವಿಡಿಯೊ ಕರೆಯಲ್ಲಿ ಬಂದು, ನಿಮ್ಮ ಹೆಸರಿನ ಪಾರ್ಸೆಲ್‌ನಲ್ಲಿ ಮಾದಕವಸ್ತು ಸಿಕ್ಕಿದೆ, ಕರೆ ಕತ್ತರಿಸಬೇಡಿ, ಮನೆಯವರಿಗೆ ಹೇಳಬೇಡಿ ಎನ್ನುತ್ತಾನೆ. ಅಂಥ ಬಂಧನ ನಮ್ಮ ಕಾನೂನಿನಲ್ಲೇ ಇಲ್ಲ. ಮನೆಯವರಿಗೆ ಹೇಳಬೇಡಿ ಎಂದು ಯಾರು ಹೇಳಿದರೂ, ಹೇಳಿದ ಆ ಕ್ಷಣವೇ ನನಗೆ ಫೋನ್ ಮಾಡಿ, ನಡುರಾತ್ರಿಯಾದರೂ ಸರಿ, ನಾನು ಒಂದು ಮಾತೂ ಬೈಯುವುದಿಲ್ಲ ಎಂದು ನೀವು ಮಾತು ಕೊಡಿ, ಮತ್ತು ಆ ಮಾತಿಗೆ ನಿಲ್ಲಿ. ಹಣ ಹೋದರೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡುವುದು ಮೊದಲ ಕೆಲಸ. ಹಣ ಒಂದು ಖಾತೆಯಿಂದ ಇನ್ನೊಂದಕ್ಕೆ ಜಾರುವ ಮೊದಲು ತಡೆಹಿಡಿಯಲು ಸಾಧ್ಯವಾಗುವುದು ಮೊದಲ ಕೆಲವು ಗಂಟೆಗಳಲ್ಲಿ. ನಿಮ್ಮ ತಂದೆ ಹೇಳದೆ ಕಳೆದ ಹತ್ತು ದಿನ ಎಷ್ಟು ದುಬಾರಿಯಾದದ್ದು ಎಂಬುದು ನಿಮಗೆ ಈಗ ತಿಳಿಯುತ್ತದೆ. ಆದರೂ ದೂರು ಕೊಡಿಸಿ. ಹಿರಿಯರಿಗಾಗಿಯೇ ಇರುವ ರಾಷ್ಟ್ರೀಯ ಸಹಾಯವಾಣಿ 14567 ಕೂಡ ಅವರ ಫೋನಿನಲ್ಲಿ ಹೆಸರು ಹಾಕಿ ಉಳಿಸಿಡಿ.

ಒಂದು ಸಂದರ್ಭದಲ್ಲಿ ಮಾತ್ರ ನಾನು ಮೇಲಿನದನ್ನೆಲ್ಲ ಬದಿಗಿಟ್ಟು ವೈದ್ಯರ ಬಳಿ ಹೋಗಿ ಎನ್ನುತ್ತೇನೆ. ಯಾವತ್ತೂ ಲೆಕ್ಕ ತಪ್ಪದವರು ಮೇಲಿಂದ ಮೇಲೆ ಹಣದ ವಿಚಾರದಲ್ಲಿ ಎಡವತೊಡಗಿದರೆ, ಒಂದೇ ಸಂದೇಶವನ್ನು ಕಳಿಸಿದ್ದು ಮರೆತು ಅದೇ ದಿನ ಐದಾರು ಸಲ ಕಳಿಸಿದರೆ, ಮಾತಿನಲ್ಲಿ ಮರ್ಯಾದೆ ಮೀರದವರು ಅಪರಿಚಿತ ಹೆಂಗಸರ ಚಿತ್ರಕ್ಕೆ ಅಸಭ್ಯ ಕಾಮೆಂಟ್ ಬರೆದರೆ, ಅದನ್ನು ‘ಮುದುಕರ ಮೊಬೈಲ್ ಹುಚ್ಚು’ ಎಂದು ನಕ್ಕು ಬಿಡಬಾರದು. ಮಿದುಳಿನ ಕೆಲವು ಕಾಯಿಲೆಗಳು ಮೊದಲು ಕಾಣಿಸಿಕೊಳ್ಳುವುದು ಹೀಗೆಯೇ, ಮತ್ತು ಈಗ ಅವು ಮನೆಯವರಿಗಿಂತ ಮೊದಲು ಗುಂಪಿನವರ ಕಣ್ಣಿಗೆ ಬೀಳುತ್ತವೆ. ನಿಮ್ಮ ಪತ್ರದಲ್ಲಿ ಅಂಥ ಸೂಚನೆ ನನಗೆ ಕಾಣಲಿಲ್ಲ. ಒಂದು ಸಲ ಮೋಸ ಹೋಗುವುದು ರೋಗಲಕ್ಷಣವಲ್ಲ; ಬ್ಯಾಂಕಿನ ಮ್ಯಾನೇಜರುಗಳೂ ಮೋಸ ಹೋಗಿದ್ದಾರೆ.

ಕೊನೆಯದಾಗಿ ನಿಮ್ಮ ಅಮ್ಮನ ವಾಟ್ಸಾಪ್. ಹೌದು, ಸಹಜ. ದುಃಖದ ಅಧ್ಯಯನದಲ್ಲಿ ಒಂದು ಕಾಲಕ್ಕೆ, ಸತ್ತವರಿಂದ ಮನಸ್ಸನ್ನು ಬಿಡಿಸಿಕೊಳ್ಳುವುದೇ ಚೇತರಿಕೆ ಎಂಬ ನಂಬಿಕೆಯಿತ್ತು; 1990ರ ದಶಕದಿಂದ ಈಚೆಗೆ, ಸಂಬಂಧ ಬೇರೆ ರೂಪದಲ್ಲಿ ಮುಂದುವರಿಯುವುದು ಆರೋಗ್ಯಕರವೇ ಎಂಬ ತಿಳಿವಳಿಕೆ ಬಲವಾಗಿದೆ. ನಮ್ಮಲ್ಲಿ ಇದಕ್ಕೆ ಸಂಶೋಧನೆ ಬೇಕಿರಲಿಲ್ಲ, ಪಟದ ಮುಂದೆ ದೀಪ ಹಚ್ಚಿ ‘ಮಗಳು ಬಂದಿದ್ದಾಳೆ ನೋಡು’ ಎನ್ನುವ ಅಪ್ಪಂದಿರು ಹಿಂದೆಯೂ ಇದ್ದರು. ಆಕೆ ಉತ್ತರಿಸುತ್ತಿದ್ದಾಳೆ ಎಂದು ಅವರು ನಂಬತೊಡಗಿದರೆ, ಅಥವಾ ಊಟ ಬಿಟ್ಟು ಜೀವದ ಆಸೆ ಬಿಟ್ಟು ಕೂತರೆ ಆಗ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ 14416 ಟೆಲಿ ಮಾನಸ್‌ಗೆ ಕರೆ ಮಾಡಿ, ಕನ್ನಡದಲ್ಲೇ ಮಾತಾಡುತ್ತಾರೆ. ಬರೆಯುವ ಮನುಷ್ಯ ಬರೆಯುತ್ತಿದ್ದಾರೆ ಎಂದಾದರೆ ಬರೆಯಲಿ.

ಆದರೆ ನೀವು ಕೂಡಲೇ ಮಾಡಬೇಕಾದದ್ದೊಂದಿದೆ. ಅಮ್ಮನ ಸಿಮ್ ರೀಚಾರ್ಜ್ ಇಲ್ಲದೆ ಬಂದ್ ಆದರೆ, ಕನಿಷ್ಠ 90 ದಿನಗಳ ನಂತರ ದೂರವಾಣಿ ಕಂಪನಿ ಅದೇ ಸಂಖ್ಯೆಯನ್ನು ಬೇರೊಬ್ಬರಿಗೆ ಕೊಡಬಹುದು. ಆಮೇಲೆ ಒಂದು ಬೆಳಿಗ್ಗೆ ಅಮ್ಮನ ಹೆಸರಿನ ಕೆಳಗೆ ಯಾರದೋ ಚಿತ್ರ ಮೂಡಿ, ನಿಮ್ಮ ತಂದೆ ಬರೆದದ್ದಕ್ಕೆ ‘ಯಾರು ನೀವು?’ ಎಂದು ಉತ್ತರ ಬರುತ್ತದೆ. ಹಾಗಾದ ಮನೆಯೊಂದನ್ನು ನಾನು ಬಲ್ಲೆ. ಮರಣ ಪ್ರಮಾಣಪತ್ರ ತೆಗೆದುಕೊಂಡು ಹೋಗಿ ಆ ಸಂಖ್ಯೆಯನ್ನು ಅಪ್ಪನ ಅಥವಾ ನಿಮ್ಮ ಹೆಸರಿಗೆ ವರ್ಗಾಯಿಸಿಕೊಳ್ಳಿ, ತಪ್ಪದೆ ರೀಚಾರ್ಜ್ ಮಾಡಿಸಿ. 120 ದಿನ ಬಳಸದ ವಾಟ್ಸಾಪ್ ಖಾತೆ ತಾನಾಗಿ ಅಳಿಸಿಹೋಗುವುದರಿಂದ, ಅಮ್ಮನ ಹಳೆಯ ಫೋನನ್ನು ತಿಂಗಳಿಗೊಮ್ಮೆ ಚಾರ್ಜ್ ಮಾಡಿ ವಾಟ್ಸಾಪ್ ತೆರೆದು ಮುಚ್ಚಿ. ಅದಕ್ಕೂ ಮೊದಲು, ಅಪ್ಪನ ಫೋನಿನಿಂದ ಅವರಿಬ್ಬರ ಸಂಭಾಷಣೆಯನ್ನು ‘ಎಕ್ಸ್‌ಪೋರ್ಟ್ ಚಾಟ್’ ಮೂಲಕ, ಧ್ವನಿ ಸಂದೇಶಗಳೂ ಸೇರುವಂತೆ, ಅವರ ಒಪ್ಪಿಗೆ ಕೇಳಿ, ನೀವು ಓದದೆ, ಒಂದು ಪೆನ್‌ಡ್ರೈವ್‌ಗೆ ಇಳಿಸಿ ಅವರ ಕೈಗೆ ಕೊಡಿ.